ಕ್ರಿಯೇಟಿನ್ ಬೇಕೇ, ಬೇಡವೇ?

ಕ್ರಿಯೇಟಿನ್ ತಿಂದರೆ ಕಿಡ್ನಿ ಹಾಳಾಗುತ್ತದೆಯಂತೆ, ಹೌದೇ? ಜಿಮ್‌ಗೆ ಹೋಗುವವರು ಈ ಪ್ರಶ್ನೆಯನ್ನು ಒಮ್ಮೆಯಾದರೂ ಕೇಳಿಸಿಕೊಂಡಿರುತ್ತಾರೆ. ಕ್ರಿಯೇಟಿನ್ ಎಂದರೆ ನಮ್ಮ ಸ್ನಾಯುಗಳಲ್ಲೇ ಇರುವ, ಮಾಂಸ-ಮೀನಿನಿಂದಲೂ ಸಿಗುವ ವಸ್ತು; ಬಲ ಹೆಚ್ಚಲೆಂದು ಜಿಮ್‌ನವರು ಅದನ್ನು ಪುಡಿಯಾಗಿ ತೆಗೆದುಕೊಳ್ಳುತ್ತಾರೆ. ಮೊದಲು ಕಿಡ್ನಿಯ ಪ್ರಶ್ನೆಯನ್ನೇ ಬಿಡಿಸೋಣ. ಕ್ರಿಯೇಟಿನ್ ದೇಹದಲ್ಲಿ ಒಡೆದು ಕ್ರಿಯಾಟಿನಿನ್ ಎಂಬ ತ್ಯಾಜ್ಯವಾಗುತ್ತದೆ. ಕಿಡ್ನಿ ಹೇಗಿದೆ ಎಂದು ತಿಳಿಯಲು ರಕ್ತಪರೀಕ್ಷೆಯಲ್ಲಿ ಅಳೆಯುವುದು ಈ ಕ್ರಿಯಾಟಿನಿನ್‌ ಅನ್ನೇ. ಪುಡಿ ತೆಗೆದುಕೊಳ್ಳುವವರಲ್ಲಿ ಅದು ತುಸು ಏರಬಹುದು. ಕಿಡ್ನಿ ಸೋತಿದೆ ಎಂದು ಅಷ್ಟರಿಂದಲೇ ತೀರ್ಮಾನಿಸಲಾಗದು. ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡ ಆರೋಗ್ಯವಂತರ ಕಿಡ್ನಿಗೆ ಹಾನಿಯಾದದ್ದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಆದರೆ ಕಿಡ್ನಿಯ ತೊಂದರೆ ಈಗಾಗಲೇ ಇದ್ದವರು ವೈದ್ಯರನ್ನು ಕೇಳದೆ ದಯವಿಟ್ಟು ಮುಟ್ಟಬೇಡಿ.

ಹಾಗಾದರೆ ಪ್ರಯೋಜನವಿದೆಯೇ? ಇದೆ ಎಂದೇ ನನ್ನ ವಾದ. ಭಾರವಾದ ಬಾರ್ಬೆಲ್ ಎತ್ತುವಾಗ ಸ್ನಾಯು ಖರ್ಚು ಮಾಡುವುದು ಎಟಿಪಿ ಎಂಬ ಇಂಧನವನ್ನು. ಅದು ಕೆಲವೇ ಸೆಕೆಂಡುಗಳಲ್ಲಿ ಬರಿದಾಗತೊಡಗುತ್ತದೆ. ಆಗ ಕ್ರಿಯೇಟಿನ್‌ನಿಂದಾಗಿ ಸ್ನಾಯುವಿನಲ್ಲಿ ಕೂಡಿಟ್ಟ ಫಾಸ್ಫೊಕ್ರಿಯೇಟಿನ್ ತನ್ನ ಫಾಸ್ಫೇಟನ್ನು ಬಿಟ್ಟುಕೊಟ್ಟು ಎಟಿಪಿಯನ್ನು ಮತ್ತೆ ಕಟ್ಟುತ್ತದೆ. ಪುಡಿಯಿಂದ ಈ ದಾಸ್ತಾನು ಹೆಚ್ಚಿದರೆ, ಆರನೆಯ ಬಾರಿಗೆ ನಿಲ್ಲುತ್ತಿದ್ದ ಸ್ಕ್ವಾಟ್ (ಭಾರ ಹೊತ್ತು ಕುಳಿತು ಏಳುವುದು) ಏಳನೆಯದಕ್ಕೆ ಹೋಗಬಹುದು. ಒಂದೇ ರೆಪ್, ಅಂದರೆ ಒಂದೇ ಬಾರಿ ಹೆಚ್ಚು ತಾನೇ ಎನ್ನಬೇಡಿ. ಪ್ರತಿ ಸೆಟ್‌ನಲ್ಲೂ (ನಡುವೆ ವಿರಾಮವಿಲ್ಲದೆ ಮಾಡುವ ಸುತ್ತಿನಲ್ಲೂ), ವಾರಗಟ್ಟಲೆ, ತಿಂಗಳುಗಟ್ಟಲೆ ಆ ಒಂದು ಸೇರುತ್ತಾ ಹೋದರೆ ಬಲ ಬೆಳೆಯುವುದೇ ಹಾಗೆ. ಮಾಂಸ, ಮೀನು ತಿನ್ನದವರ ಸ್ನಾಯುಗಳಲ್ಲಿ ಈ ದಾಸ್ತಾನು ಸಾಮಾನ್ಯವಾಗಿ ಕಡಿಮೆ ಇರುವುದರಿಂದ ಅವರಿಗೆ ಲಾಭ ಇನ್ನೂ ಹೆಚ್ಚಾಗಬಹುದು. ಕೆಲವರಿಗೆ ಮಾತ್ರ ಏನೂ ಗೊತ್ತಾಗುವುದಿಲ್ಲ, ಅದೂ ನಿಜ.

ಮೊದಲ ವಾರಗಳಲ್ಲಿ ತೂಕ ಒಂದೆರಡು ಕಿಲೋ ಏರಿದರೆ ಗಾಬರಿಯೂ ಬೇಡ, ಹಿಗ್ಗೂ ಬೇಡ. ಅದರಲ್ಲಿ ಬಹುಪಾಲು ನೀರು.

ನನಗೆ ಸಿಟ್ಟು ಬರುವುದು ಮಾರಾಟದ ರೀತಿ ಕಂಡಾಗ. ಬಣ್ಣಬಣ್ಣದ ಡಬ್ಬಿಗಳಲ್ಲಿ ಹೊಸ ಹೊಸ ರೂಪಗಳು ಬರುತ್ತವೆ, ದುಪ್ಪಟ್ಟು ಬೆಲೆಗೆ. ಕ್ರಿಯೇಟಿನ್‌ನ ಸಾದಾ ರೂಪವಾದ ಮೊನೊಹೈಡ್ರೇಟ್‌ಗಿಂತ ಅವು ಮೇಲೆಂದು ಯಾರೂ ಸಾಬೀತು ಮಾಡಿಲ್ಲ. ಶುರುವಿನ ಕೆಲವು ದಿನ ದಿನಕ್ಕೆ 20 ಗ್ರಾಂ ತೆಗೆದುಕೊಳ್ಳುವ 'ಲೋಡಿಂಗ್' ಕೂಡ ಕಡ್ಡಾಯವಲ್ಲ. ದಿನಕ್ಕೆ 3ರಿಂದ 5 ಗ್ರಾಂ ತೆಗೆದುಕೊಂಡರೂ ಸುಮಾರು ನಾಲ್ಕು ವಾರಗಳಲ್ಲಿ ಸ್ನಾಯುವಿನ ದಾಸ್ತಾನು ತುಂಬಿಕೊಳ್ಳುತ್ತದೆ.

ನಿನ್ನೆಯಷ್ಟೇ ಜಿಮ್ ಸೇರಿದವರಿಗೆ ಒಂದು ಮಾತು: ಈಗಲೇ ಕೊಳ್ಳಬೇಡಿ. ಮೂರು ತಿಂಗಳು ತಪ್ಪದೆ ಭಾರ ಎತ್ತಿ, ಹೊಟ್ಟೆ ತುಂಬ ಪ್ರೊಟೀನ್ ಇರುವ ಊಟ ಮಾಡಿ, ಚೆನ್ನಾಗಿ ನಿದ್ದೆ ಮಾಡಿ. ಆಮೇಲೂ ಜಿಮ್‌ಗೆ ಹೋಗುತ್ತಿದ್ದರೆ, ಆಗ ಒಂದು ಸಾದಾ ಡಬ್ಬಿ ತನ್ನಿ.