ಬಾಗಿಲಲ್ಲೇ ಉಳಿದ ಹಾಲಿನ ಚೀಲ

ನಮಸ್ಕಾರ. ಮುಂಬೈ, ಠಾಣೆ, ಡೊಂಬಿವಲಿ, ವಸಯಿ, ಎಲ್ಲಿ ಕೂತು ಕೇಳುತ್ತಿದ್ದರೂ ಎಲ್ಲರಿಗೂ ನಮಸ್ಕಾರ. ಒಲೆ ಮೇಲೆ ಏನಾದರೂ ಇದ್ದರೆ ಉರಿ ಸಣ್ಣ ಮಾಡಿಕೊಂಡು ಕೇಳಿ. ಇವತ್ತು ಖಿನ್ನತೆಯ ಬಗ್ಗೆ ಮಾತಾಡುತ್ತೇನೆ.

ಖಿನ್ನತೆ ಅನ್ನುವ ಪದ ನಮ್ಮ ಮನೆಗಳಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ನಾವು ಹೇಳುವುದು ಬೇರೆ. ಯಾಕೋ ಬೇಜಾರು. ಯಾವುದಕ್ಕೂ ಮನಸ್ಸಿಲ್ಲ. ಎದೆ ಮೇಲೆ ಕಲ್ಲಿಟ್ಟ ಹಾಗಿದೆ, ಬೆಳಗಿನ ಜಾವ ಮೂರಕ್ಕೆ ಎಚ್ಚರ ಆದರೆ ಮತ್ತೆ ನಿದ್ದೆ ಇಲ್ಲ, ಅನ್ನ ಸೇರುವುದಿಲ್ಲ, ಮೈಕೈ ನೋವು. ನಾನೂ ಹೀಗೇ ಹೇಳುತ್ತಿದ್ದೆ. ಊರಲ್ಲಿ ಅಮ್ಮ ತೀರಿಕೊಂಡರು. ವೈಕುಂಠ ಸಮಾರಾಧನೆ ಮುಗಿಸಿ ಡೊಂಬಿವಲಿಗೆ ವಾಪಸ್ ಬಂದೆ, ಮಾರನೇ ದಿನವೇ ಎಂಟೂವರೆಯ ಫಾಸ್ಟ್ ಲೋಕಲ್ ಹತ್ತಿ ಆಫೀಸಿಗೆ ಹೋದೆ. ಎಲ್ಲರೂ ಗಟ್ಟಿಗಿತ್ತಿ ಅಂದರು. ಎರಡು ತಿಂಗಳು ಕಳೆದು ಮಳೆಗಾಲ ಶುರುವಾದ ಮೇಲೆ ಒಳಗಿನಿಂದ ಏನೋ ಕುಸಿಯತೊಡಗಿತು. ಅಳುವೂ ಬರುತ್ತಿರಲಿಲ್ಲ. ಗಂಡ ಕೆಲಸದ ಮೇಲೆ ಸೂರತ್‌ನಲ್ಲಿ, ಮಗಳು ಹಾಸ್ಟೆಲಿನಲ್ಲಿ. ಒಬ್ಬ ಡಾಕ್ಟರ ಹತ್ತಿರ ಹೋದೆ. ನಾಲ್ಕು ನಿಮಿಷ ನೋಡಿ, ನಿಮಗೇನೂ ಆಗಿಲ್ಲ, ಜಾಸ್ತಿ ಯೋಚನೆ ಮಾಡಬೇಡಿ ಅಂತ ಟಾನಿಕ್ ಬರೆದುಕೊಟ್ಟರು. ಆ ಮಾತು ನನ್ನನ್ನು ಇನ್ನೂ ಕೆಳಗೆ ತಳ್ಳಿತು. ಏನೂ ಆಗಿಲ್ಲ ಅಂದಮೇಲೆ ತಪ್ಪು ನನ್ನದೇ ಅಲ್ವಾ?

ಇಲ್ಲಿಯ ಬಿಲ್ಡಿಂಗುಗಳಲ್ಲಿ ಬಾಗಿಲ ಚಿಲಕಕ್ಕೆ ಹಾಲಿನ ಚೀಲ ನೇತು ಹಾಕುತ್ತೇವೆ, ನಿಮಗೆ ಗೊತ್ತೇ ಇದೆ. ಒಂದು ದಿನ ಆ ಚೀಲವನ್ನು ಒಳಗೆ ತೆಗೆದುಕೊಳ್ಳಲು ನನ್ನಿಂದ ಆಗಲಿಲ್ಲ. ಮಂಚದಿಂದ ಬಾಗಿಲಿಗೆ ಹತ್ತು ಹೆಜ್ಜೆ. ಎದ್ದು ಕೂತೆ, ಬಾಗಿಲು ನೋಡಿದೆ, ಮತ್ತೆ ಮಲಗಿದೆ. ಎರಡನೇ ದಿನವೂ ಹಾಗೇ. ಚೀಲದಲ್ಲಿ ನಾಲ್ಕು ಪ್ಯಾಕೆಟ್ ಆಯಿತು, ಹಳೆಯದು ಉಬ್ಬಿತ್ತು. ಎದುರು ಮನೆಯ ಮರಾಠಿ ಕಾಕು, ಅಂದರೆ ನಮ್ಮ ಚಿಕ್ಕಮ್ಮ ಇದ್ದ ಹಾಗೆ, ಅದನ್ನು ನೋಡಿ ಬೆಲ್ ಒತ್ತಿದರು, ತೆಗೆಯುವ ತನಕ ಒತ್ತಿದರು. ಒಳಗೆ ಬಂದು ಏನಾಯಿತು, ಯಾಕೆ ಹೀಗೆ, ಒಂದೂ ಕೇಳಲಿಲ್ಲ. ಹೋಗಿ ತಮ್ಮ ಮನೆಯಿಂದ ಎರಡು ಕಟ್ಟು ಮೆಂತ್ಯ ಸೊಪ್ಪು, ಒಂದು ಹಳೆ ಪೇಪರು ತಂದು ನೆಲದ ಮೇಲೆ ಹಾಸಿದರು. "ನನ್ನೊಬ್ಬಳಿಂದ ಇಷ್ಟು ಬಿಡಿಸೋಕೆ ಆಗಲ್ಲ, ಸ್ವಲ್ಪ ಕೈ ಹಾಕು" ಅಂದರು.

ನಾನು ಎಲೆ ಕಿತ್ತೆ. ಒಂದೊಂದೇ. ಬೇರಿನ ಮಣ್ಣು ಉಗುರಿಗೆ ಅಂಟಿತು, ಮೆಂತ್ಯದ ಆ ಕಹಿ ವಾಸನೆ ಕೈಗೆ ಹತ್ತಿತು. ಅರ್ಧ ಕಟ್ಟು ಮುಗಿಯುವಷ್ಟರಲ್ಲಿ ನನಗೆ ಅಳು ಬಂತು, ಎಷ್ಟೋ ವಾರದ ಮೇಲೆ. ಕಾಕು ಸುಮ್ನೆ ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದರು.

ಮನಸ್ಸು ಬರಲಿ, ಆಮೇಲೆ ಏಳುತ್ತೇನೆ ಅಂತ ನಾನು ಕಾದಿದ್ದೆ. ಈ ಕಾಯಿಲೆಯಲ್ಲಿ ಮನಸ್ಸು ಮೊದಲು ಬರುವುದಿಲ್ಲ. ಕೈಕಾಲು ಮೊದಲು ಹೋಗಬೇಕು, ಮನಸ್ಸು ಹಿಂದಿನಿಂದ ನಿಧಾನಕ್ಕೆ ಬರುತ್ತದೆ. ಆಮೇಲೆ ನನ್ನನ್ನು ನೋಡಿದ ಆಪ್ತಸಮಾಲೋಚಕಿಯೂ ಇದನ್ನೇ ಹೇಳಿದರು, ಇದು ಚಿಕಿತ್ಸೆಯ ಒಂದು ಕ್ರಮವೇ ಅಂತೆ. ಕೆಲಸ ಎಷ್ಟು ಸಣ್ಣದಿದ್ದರೂ ಸರಿ. ನನ್ನದು ಹಾಲು ಒಳಗೆ ತರುವುದು. ಒಂದು ವಾರ ಬರೀ ಅಷ್ಟೇ. ಆಮೇಲೆ ಹಾಸಿಗೆ ಮಡಚುವುದು, ಸ್ನಾನ, ಗೇಟಿನ ತನಕ ಹೋಗಿ ಹತ್ತು ನಿಮಿಷ ಬೆಳಕಿನಲ್ಲಿ ನಿಲ್ಲುವುದು. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಚೌಕದಲ್ಲೇ ಒಂದು ಗೀಟು ಎಳೆಯುತ್ತಿದ್ದೆ. ಗೀಟು ಇಲ್ಲದ ದಿನಗಳೂ ಇದ್ದವು, ಸಾಲಾಗಿ ಐದಾರು. ಅವತ್ತು ಬಯ್ದುಕೊಳ್ಳದೆ ಮರುದಿನ ಮತ್ತೆ ಹಾಲಿನಿಂದ ಶುರು.

ಆದರೆ ಸೊಪ್ಪು ಬಿಡಿಸಿ ವಾಸಿಯಾಯಿತು ಅಂತ ದಯವಿಟ್ಟು ತಿಳಿಯಬೇಡಿ. ನಾನು ಮಾತ್ರೆಯನ್ನೂ ತೆಗೆದುಕೊಂಡೆ. ಕಾಕು ಜೊತೆಗೆ ಬಂದು ದೊಡ್ಡಾಸ್ಪತ್ರೆಯಲ್ಲಿ ಕೇಸ್ ಪೇಪರ್, ಅಂದರೆ ಡಾಕ್ಟರಿಗೆ ತೋರಿಸುವ ಚೀಟಿ, ಮಾಡಿಸಿದರು. ಅಲ್ಲಿಯ ಮನೋವೈದ್ಯರು ಮೊದಲು ಥೈರಾಯ್ಡ್, ಬಿ12 ನೋಡಿದರು, ಯಾಕೆಂದರೆ ಅವು ಕೆಟ್ಟರೂ ಸುಸ್ತು, ಬೇಜಾರು ಹೀಗೇ ಇರುತ್ತದೆ. ದುಃಖ ಎಲ್ಲರಿಗೂ ಬರುತ್ತೆ. ಆದರೆ ಎರಡು ವಾರಕ್ಕಿಂತ ಹೆಚ್ಚು, ಹೆಚ್ಚುಕಮ್ಮಿ ದಿನವೂ, ದಿನವಿಡೀ ಹೀಗೇ ಇದ್ದರೆ ಡಾಕ್ಟರಿಗೆ ತೋರಿಸಬೇಕು. ಮಾತ್ರೆಯ ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು. ಮೊದಲ ದಿನಗಳಲ್ಲಿ ಹೊಟ್ಟೆ ತೊಳಸಬಹುದು. ಇಲ್ಲೇ ತುಂಬಾ ಜನ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಹುಷಾರಾದೆ ಅಂತ ತಾವೇ ನಿಲ್ಲಿಸುತ್ತಾರೆ. ಚೆನ್ನಾಗಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಿ ಅಂತಾರೆ, ಬಿಡುವಾಗ ಡಾಕ್ಟರನ್ನು ಕೇಳಿ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಬೇಕು. ಬಿಪಿ ಮಾತ್ರೆ ನುಂಗಲು ನಮಗೆ ನಾಚಿಕೆ ಇಲ್ಲ, ಇದಕ್ಕೆ ಯಾಕೆ?

ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ಮಾಡಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮಲ್ಲಿ ಸುಮಾರು 20 ವಯಸ್ಕರಲ್ಲಿ ಒಬ್ಬರಿಗೆ ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆ ಬಂದಿರುತ್ತದೆ. ಅಂದರೆ ಲೋಕಲ್‌ನ ಒಂದು ಡಬ್ಬಿಯಲ್ಲಿ ಎಷ್ಟು ಜನ, ಲೆಕ್ಕ ಹಾಕಿ.

ನನಗೆ ಜಾಸ್ತಿ ಚಿಂತೆ ನಮ್ಮ ಹುಡುಗರದ್ದು. ಕುಂದಾಪುರ, ಬೈಂದೂರು ಕಡೆಯಿಂದ ಹೋಟೆಲ್ ಕೆಲಸಕ್ಕೆ ಬಂದವರು. ಒಂದೇ ರೂಮಿನಲ್ಲಿ ಎಂಟು ಜನ ಮಲಗುತ್ತಾರೆ, ಅಳಬೇಕೆಂದರೂ ಜಾಗ ಇಲ್ಲ. ಊರಿಗೆ ಫೋನ್ ಮಾಡಿದರೆ ಆರಾಮಿದ್ದೇನೆ ಅಮ್ಮಾ ಅನ್ನುತ್ತಾರೆ. ಗಂಡಸರಲ್ಲಿ ಇದು ಎಷ್ಟೋ ಸಲ ಸಿಟ್ಟಾಗಿ, ಕುಡಿತವಾಗಿ ಹೊರಗೆ ಬರುತ್ತದೆ, ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ಕುಡಿದರೆ ಆ ರಾತ್ರಿ ಕಳೆಯುತ್ತದೆ, ಕಾಯಿಲೆ ಹೆಚ್ಚಾಗುತ್ತದೆ. ಹೋಟೆಲ್ ನಡೆಸುವ ಅಣ್ಣಂದಿರೇ, ಚುರುಕಾಗಿದ್ದ ಹುಡುಗ ಮಂಕಾದರೆ, ಲೆಕ್ಕ ತಪ್ಪತೊಡಗಿದರೆ ಬೈಯುವ ಮೊದಲು ಒಂದು ಚಹಾ ಕೊಟ್ಟು ಕೂರಿಸಿಕೊಳ್ಳಿ. ಮನಸ್ಸು ಗಟ್ಟಿ ಮಾಡಿಕೋ ಅನ್ನಬೇಡಿ. ಆಗುವುದಿದ್ದರೆ ಮಾಡಿಕೊಳ್ಳುತ್ತಿದ್ದ. ನಿದ್ದೆ ಬರ್ತಿದೆಯಾ, ಊಟ ಸೇರ್ತಿದೆಯಾ ಅಂತ ಕೇಳಿ. ಬದುಕೋದೇ ಬೇಡ ಅನಿಸುತ್ತಿದೆಯಾ ಅಂತಲೂ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹಾಕಿದ ಹಾಗಾಗುತ್ತೆ ಅನ್ನುವುದು ತಪ್ಪು. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಒಂದು ನಂಬರ್ ಬರೆದುಕೊಳ್ಳಿ. 14416. ಇದು ಟೆಲಿ-ಮಾನಸ್, ಕೇಂದ್ರ ಸರ್ಕಾರದ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಶುರುವಾಯಿತು. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು. ಬೆಳಗಿನ ಜಾವ ಮೂರಕ್ಕೆ ಎಚ್ಚರ ಆದಾಗ ಯಾರನ್ನು ಎಬ್ಬಿಸಲಿ ಅನಿಸುತ್ತಲ್ಲ, ಆಗ ಮಾಡಿ. ಇನ್ನೊಮ್ಮೆ ಹೇಳುತ್ತೇನೆ. ಒಂದು, ನಾಲ್ಕು, ನಾಲ್ಕು, ಒಂದು, ಆರು.

ಕಾಕು ಈಗ ಮಗನ ಜೊತೆ ಪುಣೆಯಲ್ಲಿದ್ದಾರೆ. ಬೆಳಿಗ್ಗೆ ಫೋನ್ ಮಾಡಿದರೆ ಈಗಲೂ ಮೊದಲು ಕೇಳುವುದು ಒಂದೇ ಮಾತು, ಹಾಲು ಒಳಗೆ ತಗೊಂಡೆಯಾ ಅಂತ. ತಗೊಂಡೆ ಕಾಕು ಅನ್ನುತ್ತೇನೆ.

ನಮಸ್ಕಾರ.