ಲಿಸ್ಬನ್‌ನಲ್ಲಿ ತಿನ್ನೋ ವಾಕ್: ಪ್ರತಿ ತಟ್ಟೆ ಹಿಂದೆ ಒಂದು ಚರ್ಚು

[ಕ್ಲೋಸಪ್: ಕೈಯಲ್ಲಿ ಪುಟ್ಟ ಗ್ಲಾಸು, ಕಡುಗೆಂಪು ಬಣ್ಣ, ತಳದಲ್ಲಿ ಒಂದು ಹಣ್ಣು]

ಬೆಳಗ್ಗೆ ಹನ್ನೊಂದಕ್ಕೇ ಎಣ್ಣೆನಾ ಅಂತ ಬೈಬೇಡಿ, ಇಲ್ಲಿ ಅಜ್ಜಂದ್ರು ನನಗಿಂತ ಮುಂಚೆನೇ ಬಂದು ನಿಂತಿದಾರೆ. ಇದು ಪೋರ್ಚುಗಲ್ ರಾಜಧಾನಿ ಲಿಸ್ಬನ್, ರೊಸ್ಸಿಯೊ ಚೌಕದ ಪಕ್ಕದಲ್ಲಿರೋ ಸಾವ್ ದೊಮಿಂಗುಶ್ ಚರ್ಚ್ ಎದುರು, ನನ್ನ ಕೈಲಿರೋದು ಝಿಂಝಿನ್ಯ. ಝಿಂಝ ಅಂದ್ರೆ ಹುಳಿ ಚೆರ್ರಿ, ಅದನ್ನ ಅಗ್ವಾರ್ದೆಂತೆ ಅನ್ನೋ ಕಡಕ್ ಸಾರಾಯಿಯಲ್ಲಿ ಸಕ್ಕರೆ, ಚಕ್ಕೆ ಹಾಕಿ ನೆನೆಸಿಡ್ತಾರೆ. ಅಂಗಡಿ ಅಂದ್ರೆ ಗೋಡೇಲಿ ಒಂದು ಕಿಂಡಿ ಇದ್ದಂಗೆ ಅಷ್ಟೇ, ಕೂರೋಕೆ ಜಾಗ ಇಲ್ಲ, 1840ರಿಂದ ನಡೀತಿದೆ. ‘ಕೊಂ ಏಲಶ್’ ಅಂದ್ರೆ ಹಣ್ಣು ಹಾಕಿ ಕೊಡ್ತಾರೆ, ‘ಸೆಂ ಏಲಶ್’ ಅಂದ್ರೆ ಹಣ್ಣಿಲ್ಲದೆ. ಹಣ್ಣು ಹಾಕ್ಸ್ಕೊಳ್ಳಿ, ಬೀಜ ಹುಷಾರು. ಶುರು ಮಾಡಿದೋನು ಸ್ಪೇನಿನ ಗಲೀಸಿಯಾದಿಂದ ಬಂದೋನು, ಈ ಐಡಿಯಾ ಅವನಿಗೆ ಕೊಟ್ಟಿದ್ದು ಒಬ್ಬ ಪಾದ್ರಿ ಅಂತ ಇಲ್ಲಿ ಹೇಳ್ತಾರೆ.

ಪಾದ್ರಿ ಅಂದ್ನಲ್ಲ, ಅದನ್ನ ನೆನಪಲ್ಲಿಟ್ಕೊಳ್ಳಿ. ಯಾಕಂದ್ರೆ ಇವತ್ತು ನಾವು ತಿನ್ನೋದರ ಹಿಂದೆಲ್ಲ ಎಲ್ಲೋ ಒಂದು ಕಡೆ ಚರ್ಚ್ ಬಂದೇ ಬರುತ್ತೆ, ಎಲ್ಲಾ ಕಡೆನೂ ಒಳ್ಳೇ ರೀತಿಯಲ್ಲೇನಲ್ಲ.

[ಕ್ಯಾಮೆರಾ ತಿರುಗಿ ಚರ್ಚ್ ಮುಂದಿನ ಕಲ್ಲಿನ ಸ್ಮಾರಕ]

ಗ್ಲಾಸ್ ಹಿಡ್ಕೊಂಡು ನಾಲ್ಕು ಹೆಜ್ಜೆ ಬಂದ್ರೆ ಈ ಕಲ್ಲು. 1506ರ ಏಪ್ರಿಲ್‌ನಲ್ಲಿ ಇದೇ ಚರ್ಚಲ್ಲಿ ಶುರುವಾದ ಗಲಾಟೆ ಊರೆಲ್ಲ ಹಬ್ಬಿ ಸಾವಿರಾರು ಯಹೂದಿ ಮೂಲದವರನ್ನ ಕೊಂದುಹಾಕಿದ್ರು. ಅವರೆಲ್ಲ ಅಷ್ಟೊತ್ತಿಗೆ ಕ್ರಿಶ್ಚಿಯನ್ ಆಗಿದ್ದೋರೇ, 1497ರಲ್ಲಿ ರಾಜ ಮನುಯೆಲ್ ಬಲವಂತವಾಗಿ ದೀಕ್ಷೆ ಕೊಡ್ಸಿದ್ದ, ಆದ್ರೂ ಬಿಡ್ಲಿಲ್ಲ. ಆಮೇಲೆ 1536ರಲ್ಲಿ ಇನ್‌ಕ್ವಿಸಿಷನ್, ಅಂದ್ರೆ ಧರ್ಮ ತಪ್ಪಿದೋರನ್ನ ಹಿಡಿದು ವಿಚಾರಿಸೋ ಚರ್ಚಿನ ಕೋರ್ಟು, ಬಂತು, ಯಾರ ಮನೇಲಿ ಏನು ಬೇಯ್ತಿದೆ ಅನ್ನೋದೇ ಸಾಕ್ಷಿ ಆಗೋಯ್ತು.

ನಮ್ಮ ಮುಂದಿನ ತಿಂಡಿ ಅಲ್ಯೇರ ಇಲ್ಲಿಗೇ ಸೇರೋದು. ನೋಡೋಕೆ ಥೇಟ್ ಸಾಸೇಜ್. ಚಳಿಗಾಲದಲ್ಲಿ ಎಲ್ಲರ ಮನೆ ಹೊಗೆ ಅಟ್ಟದಲ್ಲೂ ಹಂದಿ ಸಾಸೇಜ್ ನೇತಾಡ್ತಿತ್ತು, ಯಹೂದಿ ಧರ್ಮದಲ್ಲಿ ಹಂದಿ ತಿನ್ನೋ ಹಾಗಿಲ್ಲ, ಹಂಗಾಗಿ ಯಾರ ಮನೇಲಿಲ್ವೋ ಅವರ ಮೇಲೆ ಅನುಮಾನ, ಅದಕ್ಕೆ ಯಹೂದಿಗಳು ಕೋಳಿ ಮಾಂಸಕ್ಕೆ ಬ್ರೆಡ್ಡು ಬೆಳ್ಳುಳ್ಳಿ ಕಲಸಿ ಅದೇ ಆಕಾರದಲ್ಲಿ ತುಂಬಿ ನೇತಾಕಿದ್ರು ಅಂತ ಕಥೆ. ಬಾಯಿಮಾತಲ್ಲಿ ಬಂದಿರೋ ಕಥೆ, ನೂರಕ್ಕೆ ನೂರು ಹಂಗೇ ನಡೀತು ಅಂತ ನಾನೇನು ಆಣೆ ಮಾಡಲ್ಲ. ತಮಾಷೆ ಏನಂದ್ರೆ ಇವತ್ತಿನ ಅಲ್ಯೇರದಲ್ಲಿ ಬೇಕಾದಷ್ಟು ಕಡೆ ಹಂದಿನೂ ಇರುತ್ತೆ! ಕರಿದು, ಮೇಲೊಂದು ಮೊಟ್ಟೆ, ಪಕ್ಕದಲ್ಲಿ ಫ್ರೈಸ್. ಒಳಗೆ ಮೆತ್ತಗೆ, ಬೆಳ್ಳುಳ್ಳಿ ಘಮ್ ಅಂತ ಮೂಗಿಗೆ ಹೊಡೆಯುತ್ತೆ.

ನಡೀರಿ ಹೊಳೆ ಕಡೆ ಇಳಿಯೋಣ.

[ರುವಾ ದು ಆರ್ಸೆನಾಲ್, ಹಲಗೆ ಥರ ಜೋಡಿಸಿಟ್ಟ ಒಣಮೀನು]

ಬಕಲ್ಯಾವ್. ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು. ವಾಸನೆ ಬಗ್ಗೆ ಕರಾವಳಿಯವರಿಗೆ ನಾನೇನೂ ಹೇಳ್ಬೇಕಿಲ್ಲ, ಉಳಿದೋರು ಕರ್ಚೀಫ್ ರೆಡಿ ಇಟ್ಕೊಳ್ಳಿ. ಇದನ್ನ ಇವರು ‘ನಂಬಿಗಸ್ಥ ಗೆಳೆಯ’ ಅಂತಾರೆ, ಆದ್ರೆ ಈ ಗೆಳೆಯ ಪೋರ್ಚುಗಲ್ ಸಮುದ್ರದಲ್ಲಿ ಹುಟ್ಟೋದೇ ಇಲ್ಲ! ಹಿಂದೆ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ತನಕ ಹಡಗು ತಗೊಂಡು ಹೋಗಿ ಹಿಡಿದು ತರ್ತಿದ್ರು, ಈಗ ಜಾಸ್ತಿ ನಾರ್ವೆ ಕಡೆಯಿಂದ ಬರುತ್ತೆ. ಇಷ್ಟು ದೂರದ ಮೀನು ಯಾಕೆ ಬೇಕಿತ್ತು ಅಂದ್ರೆ, ಶುಕ್ರವಾರ, ಲೆಂಟ್ (ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳು) ಅಂತ ಚರ್ಚು ಮಾಂಸ ಬೇಡ ಅಂದಿರೋ ದಿನ ವರ್ಷದಲ್ಲಿ ತುಂಬಾ ಇದ್ವು, ತಾಜಾ ಮೀನು ಒಳನಾಡಿನ ಹಳ್ಳಿಗೆ ಹೋಗೋಷ್ಟರಲ್ಲಿ ಕೆಡ್ತಿತ್ತು, ಇದು ಕೆಡ್ತಿರಲಿಲ್ಲ. ಒಂದೆರಡು ದಿನ ನೀರು ಬದಲಾಯಿಸ್ತಾ ನೆನೆಸಿ ಉಪ್ಪು ತೆಗೀಬೇಕು. ಮೊದಲ ಸಲ ತಿನ್ನೋರು ‘ಬಕಲ್ಯಾವ್ ಆ ಬ್ರಾಶ್’ ತಗೊಳ್ಳಿ, ಮೀನನ್ನ ಎಳೆ ಎಳೆ ಮಾಡಿ, ಕಡ್ಡಿ ಥರ ಹೆಚ್ಚಿ ಕರಿದ ಆಲೂಗಡ್ಡೆ ಮೊಟ್ಟೆ ಜೊತೆ ಕಲಸಿರ್ತಾರೆ.

ವೆಜ್ ಜನ, ಮರೆತಿಲ್ಲ ನಿಮ್ಮನ್ನ. ‘ಪೆಶಿನ್ಯುಶ್ ದ ಓರ್ತ’ ಕೇಳಿ, ಹೆಸರಿನ ಅರ್ಥ ತೋಟದ ಪುಟ್ಟ ಮೀನು, ಅಸಲಿಗೆ ಹುರುಳಿಕಾಯಿ ಬಜ್ಜಿ ಅಷ್ಟೇ (ಹಿಟ್ಟಲ್ಲಿ ಮೊಟ್ಟೆ ಇರಬಹುದು, ಕೇಳ್ಕೊಳ್ಳಿ). ಇದೂ ಉಪವಾಸದ ತಿಂಡಿನೇ, ಪಾದ್ರಿಗಳ ಜೊತೆ ಜಪಾನ್‌ಗೆ ಹೋಗಿ ಅಲ್ಲಿ ಟೆಂಪುರ ಆಯ್ತು ಅಂತಾರೆ. ಅಂದಹಾಗೆ ಇಲ್ಲಿ ಖಾರ ಹುಡುಕಬೇಡಿ, ನಮಗೆ ಮೆಣಸಿನಕಾಯಿ ತಂದ್ಕೊಟ್ಟ ಜನ ತಾವು ಮಾತ್ರ ಸಪ್ಪೆ ಊಟ ಮಾಡ್ಕೊಂಡು ಆರಾಮಾಗಿದಾರೆ. ಇನ್ನೊಂದು, ಹೋಟೆಲಲ್ಲಿ ಕೂತ ತಕ್ಷಣ ಬ್ರೆಡ್ಡು, ಆಲಿವ್, ಚೀಸ್ ತಂದಿಡ್ತಾರೆ, ಅದು ಫ್ರೀ ಅಲ್ಲ ಗುರು! ಮುಟ್ಟಿದ್ರೆ ಬಿಲ್ಲಿಗೆ ಸೇರುತ್ತೆ, ಬೇಡ ಅಂದ್ರೆ ಯಾರೂ ಬೇಜಾರಾಗಲ್ಲ.

[15ನೇ ನಂಬರ್ ಟ್ರಾಮ್, ಬೆಲೇಂ]

ವಾಕ್ ಅಂತ ಹೇಳಿ ಟ್ರಾಮ್ ಹತ್ಸಿದ್ದಕ್ಕೆ ಸಾರಿ, ಬೆಲೇಂ ಏರಿಯಾ ಇಲ್ಲಿಂದ ಆರು ಕಿಲೋಮೀಟರ್ ದೂರ. ಕೊನೇ ಐಟಂ ‘ಪಶ್ತೆಲ್ ದ ನಾತ’. ಹೌದು, ಉಚ್ಚಾರಣೆ ನಾತನೇ, ನಗ್ಬೇಡಿ, ಪೋರ್ಚುಗೀಸಲ್ಲಿ ಅದು ಕೆನೆ. ಪದರ ಪದರ ಹಿಟ್ಟಿನ ಬಟ್ಟಲು, ಒಳಗೆ ಮೊಟ್ಟೆಯ ಹಳದಿಯ ಕಸ್ಟರ್ಡ್, ಮೇಲೆ ಅಲ್ಲಲ್ಲಿ ಕಪ್ಪಗೆ ಸುಟ್ಟಿರಬೇಕು. ಮಠಗಳಲ್ಲಿ ಬಟ್ಟೆಗೆ ಗಂಜಿ ಹಾಕೋಕೆ ಮೊಟ್ಟೆ ಬಿಳಿ ಬಳಸ್ತಿದ್ರಂತೆ, ಉಳಿದ ಹಳದಿ ಎಲ್ಲಾ ಸಿಹಿತಿಂಡಿಗೆ. 1834ರಲ್ಲಿ ಸರ್ಕಾರ ಮಠಗಳನ್ನ ಮುಚ್ಚಿಸ್ತು, ಜೆರೋನಿಮುಶ್ ಮಠದ ಈ ರೆಸಿಪಿ ಹೊರಗೆ ಬಂದು 1837ರಲ್ಲಿ ಪಕ್ಕದಲ್ಲೇ ಅಂಗಡಿ ಆಯ್ತು, ಇವತ್ತಿಗೂ ಇದೆ.

ಆ ಮಠ ನೋಡಿ, ಎಷ್ಟು ದೊಡ್ಡದು! 1501ರಲ್ಲಿ ಕಟ್ಟೋಕೆ ಶುರು ಮಾಡಿದಾಗ ದುಡ್ಡು ಎಲ್ಲಿಂದ ಬಂತು ಅಂದ್ರೆ ಆಫ್ರಿಕಾ ಮತ್ತು ಪೂರ್ವದ ವ್ಯಾಪಾರದ ಮೇಲಿನ ಶೇಕಡಾ 5 ತೆರಿಗೆಯಿಂದ. ಆ ಪೂರ್ವದ ವ್ಯಾಪಾರದಲ್ಲಿ ನಮ್ಮ ಪಶ್ಚಿಮ ಘಟ್ಟದ ಕಡೆಯ ಕಾಳುಮೆಣಸೂ ಇತ್ತು. ಆಮೇಲೆ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನ ಪೋರ್ಚುಗೀಸರೇ ‘ರೈನ ದ ಪಿಮೆಂತ’, ಮೆಣಸಿನ ರಾಣಿ, ಅಂತ ಕರೆದಿದ್ದು. ಒಳಗೆ ವಾಸ್ಕೋ ಡ ಗಾಮನ ಸಮಾಧಿ ಇದೆ, ನಾನು ಹೋಗ್ಲಿಲ್ಲ, ಕ್ಯೂ ಉದ್ದ ಇತ್ತು, ನಾತ ಬಿಸಿ ಇತ್ತು.

ಟೇಬಲ್ ಮೇಲೆ ಚಕ್ಕೆ ಪುಡಿ ಇರುತ್ತೆ, ಧಾರಾಳವಾಗಿ ಉದುರಿಸ್ಕೊಳ್ಳಿ. ಜೊತೆಗೆ ಒಂದು ‘ಬೀಕ’ ಹೇಳಿ, ಎಸ್ಪ್ರೆಸೊಗೆ ಲಿಸ್ಬನ್ ಹೆಸರು. ಒಂದೇ ತಗೊಂಡು ಶೇರ್ ಮಾಡೋಣ ಅಂತ ಮಾತ್ರ ಅನ್ಕೋಬೇಡಿ, ನಾವೂ ಹಂಗೇ ಅನ್ಕೊಂಡು ಆರು ತಿಂದ್ವಿ.