ಬಿಸಿಲಲ್ಲಿ ಇಳಿಯುವ ಮುರುಗಲು ಸಿರಪ್

ಕೇಳುಗರೆ, ನಮಸ್ಕಾರ.

ಏಪ್ರಿಲ್ ಕಳೆಯುತ್ತ ಬಂತೆಂದರೆ ಕುಮಟಾ, ಹೊನ್ನಾವರ, ಶಿರಸಿ ಕಡೆ ಮುರುಗಲು ಹಣ್ಣಾಗತೊಡಗುತ್ತದೆ. ಮಂಗಳೂರು, ಪುತ್ತೂರಿನವರಿಗೆ ಇದೇ ಪುನರ್ಪುಳಿ; ಕೋಕಂ ಅನ್ನುವುದೂ ಇದೇ ಹುಳಿ ಹಣ್ಣಿಗೆ. ಮಳೆ ಹಿಡಿದರೆ ಉದುರಿದ ಹಣ್ಣು ಮರದ ಬುಡದಲ್ಲೇ ಕೊಳೆಯುತ್ತದೆ. ವರ್ಷಕ್ಕಾಗುವಷ್ಟು ಸಿರಪ್ ಮಾಡಿಡಲು ನಮಗಿರುವುದು ಕೆಲವೇ ವಾರಗಳ ಬಿಸಿಲು. ಅದನ್ನು ದಯವಿಟ್ಟು ಕಳೆದುಕೊಳ್ಳಬೇಡಿ.

ಈ ಸಿರಪ್‌ಗೆ ಒಲೆ ಬೇಡ. ಬೇಗ ಆಗಲಿ ಅಂತ ಕೆಲವರು ಕುದಿಸುತ್ತಾರೆ. ಹಣ್ಣಿನ ಆ ಚಂದದ ಕೆಂಪು ಬಿಸಿಗೆ ಮಂಕಾಗುತ್ತದೆ, ಪರಿಮಳವೂ ಹೋಗುತ್ತದೆ. ಆಮೇಲೆ ಬಣ್ಣ ಬೆರೆಸುವ ಯೋಚನೆ ಬರುತ್ತದೆ. ಮುರುಗಲಿಗೆ ಬಣ್ಣ ಹಾಕುವುದೇ? ನನಗಂತೂ ಸಂಕಟವಾಗುತ್ತದೆ.

ಚೆನ್ನಾಗಿ ಮಾಗಿದ, ಪೆಟ್ಟಾಗದ ಹಣ್ಣು ಆರಿಸಿ. ತೊಳೆದು, ಒರೆಸಿ, ನೀರಿನ ಪಸೆ ಪೂರ್ತಿ ಆರುವವರೆಗೆ ನೆರಳಲ್ಲಿ ಹರಡಿ. ಎರಡು ಹೋಳು ಮಾಡಿ, ಬೀಜ ತೆಗೆದು ಬೇರೆ ಇಡಿ. ಬಟ್ಟಲಿನಂತಿರುವ ಸಿಪ್ಪೆಗಳಿಗೆ ಸಕ್ಕರೆ ತುಂಬಿ, ಒಣಗಿದ ಗಾಜಿನ ಭರಣಿಯಲ್ಲಿ ಒಂದರ ಮೇಲೊಂದು ಜೋಡಿಸಿ. ಉಳಿದ ಸಕ್ಕರೆ ಮೇಲೆ ಸುರಿದು, ಬಾಯಿಗೆ ತೆಳು ಬಟ್ಟೆ ಕಟ್ಟಿ ಬಿಸಿಲಿಗಿಡಿ. ಅಲ್ಯೂಮಿನಿಯಂ, ತಾಮ್ರದ ಪಾತ್ರೆ ಬೇಡವೇ ಬೇಡ. ಹುಳಿ ಲೋಹವನ್ನು ತಿನ್ನುತ್ತದೆ.

ಈಗ ಸಕ್ಕರೆಯ ಲೆಕ್ಕ. ಒಂದು ಕಿಲೋ ಸಿಪ್ಪೆಗೆ ಎರಡು ಕಿಲೋ. ಜಾಸ್ತಿ ಆಯ್ತು ಅನಿಸುತ್ತದೆ, ಅಲ್ವಾ? ಆದರೆ ಇಲ್ಲಿ ಸಕ್ಕರೆ ಬರೀ ಸಿಹಿಗಲ್ಲ. ಸಿಪ್ಪೆಯ ರಸವನ್ನು ಹೊರಗೆ ಎಳೆಯುವುದು ಅದೇ, ಆ ರಸವನ್ನು ಕೆಡದಂತೆ ಕಾಯುವುದೂ ಅದೇ. ಸಿರಪ್‌ನಲ್ಲಿ ನೂರಕ್ಕೆ ಸುಮಾರು 65 ಪಾಲು ಸಕ್ಕರೆ ಇದ್ದರೆ ಹುಳಿಯೆಬ್ಬಿಸುವ ಸೂಕ್ಷ್ಮಜೀವಿಗಳಿಗೆ ಬೇಕಾದ ನೀರೇ ಸಿಗುವುದಿಲ್ಲ. ಸಮಸಮ ಹಾಕಿದರೆ ನೀರು ಉಳಿದು, ನೊರೆ ಬಂದು, ಹುಳಿವಾಸನೆ ಬರುತ್ತದೆ. ಸಕ್ಕರೆ ಕಡಿಮೆಯೇ ಸಾಕು ಅನ್ನುವವರು ಸ್ವಲ್ಪವೇ ಮಾಡಿ, ಫ್ರಿಜ್‌ನಲ್ಲಿಟ್ಟು ಬೇಗ ಮುಗಿಸಿ. ಸಕ್ಕರೆ ಕಾಯಿಲೆಯವರಿಗೆ ಈ ಸಿರಪ್ ಸಲ್ಲದು. ಒಣಸಿಪ್ಪೆ ನೆನೆಸಿ ಉಪ್ಪು, ಜೀರಿಗೆ ಹಾಕಿದರೆ ಅವರಿಗೂ ರುಚಿಯಾದ ಪಾನಕ ಆಗುತ್ತದೆ.

ದಿನಕ್ಕೊಮ್ಮೆ ಒಣಗಿದ ಮರದ ಸೌಟಿನಿಂದ ತಿರುವಿ. ಸಂಜೆ ಭರಣಿಯನ್ನು ಒಳಗೆ ತನ್ನಿ. ಮೇ ತಿಂಗಳ ಸಂಜೆ ಮಳೆಯನ್ನು ನಂಬಬಾರದು. ಒಂದು ವಾರ, ಮೋಡವಿದ್ದರೆ ಇನ್ನೂ ಎರಡು ಮೂರು ದಿನ. ಸಕ್ಕರೆ ಪೂರ್ತಿ ಕರಗಿ, ಸಿಪ್ಪೆ ಮುದುಡಿದಾಗ ಸೋಸಿ. ಬಾಟಲಿಗೆ ತುಂಬಿ ಕತ್ತಲೆ ಜಾಗದಲ್ಲಿಡಿ. ಆಮೇಲೂ ಬೆಳಕಿಗೆ ಬಿಟ್ಟರೆ ಬಣ್ಣ ಮಾಸುತ್ತದೆ.

ಕುಡಿಯುವಾಗ ಒಂದು ಪಾಲಿಗೆ ನಾಲ್ಕೈದು ಪಾಲು ತಣ್ಣೀರು, ಚಿಟಿಕೆ ಉಪ್ಪು, ಹುರಿದ ಜೀರಿಗೆ ಪುಡಿ. ಉಳಿದ ಸಿಪ್ಪೆ ಒಣಗಿಸಿಟ್ಟರೆ ಮಕ್ಕಳು ಸುಮ್ನೆ ಬಾಯಾಡಿಸುತ್ತಾರೆ.

ಬೇರೆ ಇಟ್ಟ ಬೀಜವನ್ನೂ ಎಸೆಯಬೇಡಿ. ತೊಳೆದು ಒಣಗಿಸಿ, ಸಿಪ್ಪೆ ಬಿಡಿಸಿ ಕುಟ್ಟಿ ನೀರಲ್ಲಿ ಕುದಿಸಿದರೆ ಕೊಬ್ಬು ಮೇಲೆ ತೇಲುತ್ತದೆ. ತಣಿದಾಗ ಗಟ್ಟಿಯಾಗುವ ಅದೇ ಮುರುಗಲು ತುಪ್ಪ. ಬಿರಿದ ಹಿಮ್ಮಡಿಗೆ ರಾತ್ರಿ ಹಚ್ಚಿ ಮಲಗಿ.

ನಮಸ್ಕಾರ.